ಮುರಿದ ತುಂಡಿಗೊಂದು ಚೀಟಿ

ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ರೆಡಿಂಗ್, ಬೇಸಿಂಗ್‌ಸ್ಟೋಕ್, ಫಾರ್ನ್‌ಬರೋ ಕಡೆ ಮನೆ ಹಿಡಿದಿರುವ ನಮ್ಮ ಹುಡುಗ ಹುಡುಗಿಯರು ಯುಗಾದಿ ಊಟದಲ್ಲೋ ರಾಜ್ಯೋತ್ಸವದಲ್ಲೋ ಸಿಕ್ಕಾಗ ಕೇಳುವುದುಂಟು: "ಅಂಕಲ್, ಶನಿವಾರ ಭಾನುವಾರ ಇಲ್ಲಿ ನೋಡೋಕೆ ಏನಿದೆ?" ಅಷ್ಟರಲ್ಲಿ ಅವರು ಲಂಡನ್ ಸುತ್ತಿ ಬಂದಿರುತ್ತಾರೆ, ಸ್ಟೋನ್‌ಹೆಂಜ್ ಮುಂದೆ ಫೋಟೊ ತೆಗೆಸಿಕೊಂಡಿರುತ್ತಾರೆ. ನಾನು ಹೇಳುವುದು ಒಂದೇ ಜಾಗ. ಫಾರ್ನ್‌ಬರೋ ಊರಿನ ಹೆದ್ದಾರಿ ಪಕ್ಕದಲ್ಲಿ ಟ್ರೆಂಚರ್ಡ್ ಹೌಸ್ ಎಂಬ ಹಳೆಯ ಕಟ್ಟಡವಿದೆ. 1907ರಲ್ಲಿ ಬ್ರಿಟಿಷ್ ಸೈನ್ಯದ ಬಲೂನು ಶಾಲೆಗಾಗಿ ಕಟ್ಟಿದ್ದು. ಈಗ ಅಲ್ಲಿ ಫಾರ್ನ್‌ಬರೋ ಏರ್ ಸೈನ್ಸಸ್ ಟ್ರಸ್ಟ್‌ನ ಮ್ಯೂಸಿಯಂ ಇದೆ. ಊರವರು ಚುಟುಕಾಗಿ ಫಾಸ್ಟ್ ಅನ್ನುತ್ತಾರೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಬಾಗಿಲು ತೆರೆಯುವವರು, ವಿವರಿಸುವವರು, ತುಕ್ಕು ಕೆರೆಯುವವರು, ಕಡತ ಜೋಡಿಸುವವರು, ಎಲ್ಲರೂ ಸಂಬಳವಿಲ್ಲದೆ ಬರುವ ಸ್ವಯಂಸೇವಕರು.

ನೋಡಿ ಬನ್ನಿ ಎಂದಷ್ಟೇ ಹೇಳುವುದಿದ್ದರೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ನೋಡಿ ಬರುವುದು ಸಾಲದು ಮಕ್ಕಳೇ, ಅಂಥ ಕಡೆ ಕೈಹಚ್ಚಿ ಕೆಲಸ ಮಾಡಿ. ತಿಂಗಳಿಗೊಂದು ಶನಿವಾರವಾದರೂ ಸರಿ. ನೀವು ಇಲ್ಲಿಲ್ಲ, ಬೆಂಗಳೂರಿನಲ್ಲೇ ಇದ್ದೀರಿ ಎಂದರೆ ಈ ಮಾತು ನಿಮಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಊರಿನ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೈನ್ಯದ ಬಲೂನು ಕಾರ್ಖಾನೆ ಪಕ್ಕದ ಆಲ್ಡರ್‌ಶಾಟ್‌ನಿಂದ ಫಾರ್ನ್‌ಬರೋಗೆ ಬಂತು. ಅಲ್ಲಿಗೆ ಸೇರಿಕೊಂಡವನು ಸ್ಯಾಮ್ಯುಯೆಲ್ ಕೋಡಿ ಎಂಬ ಅಮೆರಿಕದವನು. ಕೌಬಾಯ್ ವೇಷದಲ್ಲಿ ರಂಗದ ಮೇಲೆ ಕುಣಿದು ಬದುಕಿದ್ದವನು, ಮನುಷ್ಯನನ್ನೇ ಮೇಲಕ್ಕೆತ್ತುವ ದೊಡ್ಡ ಗಾಳಿಪಟಗಳನ್ನು ಕಟ್ಟಿ ಸೈನ್ಯದ ಗಮನ ಸೆಳೆದಿದ್ದ. 1908ರ ಅಕ್ಟೋಬರ್ 16ರಂದು ತಾನೇ ಕಟ್ಟಿದ ವಿಮಾನದಲ್ಲಿ ಅವನು 1,390 ಅಡಿ ದೂರ ಹಾರಿದ. ಹಾರಾಟ ಮುಗಿದದ್ದು ವಿಮಾನ ನೆಲಕ್ಕಪ್ಪಳಿಸಿ. ಆದರೂ ಬ್ರಿಟನ್ನಿನ ನೆಲದಲ್ಲಿ ಎಂಜಿನ್ ಬಲದಿಂದ ನಡೆದ ಮೊದಲ ನಿಜವಾದ ಹಾರಾಟ ಎಂದು ಲೆಕ್ಕಕ್ಕೆ ಬಂದದ್ದು ಅದೇ. ನೂರು ವರ್ಷ ತುಂಬಿದಾಗ ಈ ಮ್ಯೂಸಿಯಂನ ಸ್ವಯಂಸೇವಕರು ಆ ವಿಮಾನವನ್ನು ಅಷ್ಟೇ ಅಳತೆಯಲ್ಲಿ ಮತ್ತೆ ಕಟ್ಟಿದರು. ಅದು ಇವತ್ತಿಗೂ ಅಲ್ಲಿದೆ. ಬಿದಿರು, ಬಟ್ಟೆ, ತಂತಿ ಸೇರಿಸಿ ಕಟ್ಟಿದ ಅದರ ಕೆಳಗೆ ನಿಂತು ನೋಡಿ. ಇದರ ಮೇಲೆ ಕೂತು ಹಾರಲು ಎಂಥ ಎದೆ ಬೇಕಿತ್ತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಲೂನು ಕಾರ್ಖಾನೆ ಬೆಳೆದು ವಿಮಾನ ಕಾರ್ಖಾನೆಯಾಯಿತು, 1918ರಲ್ಲಿ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಹೆಸರು ಹೊತ್ತಿತು. ಆಮೇಲಿನ ಏಳೆಂಟು ದಶಕ ಇಡೀ ದೇಶದ ವಿಮಾನ ಸಂಶೋಧನೆಗೆ ಅದೇ ತವರು. ವಿಮಾನ ತಯಾರಿಸಿ ಮಾರುವುದು ಬೇರೆಯವರ ಕೆಲಸ. ವಿಮಾನ ಯಾಕೆ ಹಾರುತ್ತದೆ, ಯಾಕೆ ಬೀಳುತ್ತದೆ ಎಂದು ತಿಳಿಯುವುದು ಇಲ್ಲಿಯವರ ಕೆಲಸ. ಅದಕ್ಕೆಂದೇ ಕಟ್ಟಿದ ವಿಂಡ್ ಟನೆಲ್‌ಗಳಿದ್ದವು. ವಿಮಾನ ನಿಂತಿರುತ್ತದೆ, ಗಾಳಿ ಅದರ ಮೇಲೆ ಓಡುತ್ತದೆ. ರೆಕ್ಕೆಗೆ ಎಷ್ಟು ಎತ್ತುವ ಬಲ ಬಂತು, ಎಷ್ಟು ಹಿಂದಕ್ಕೆಳೆಯಿತು ಎಂದು ತಕ್ಕಡಿ ತೋರಿಸುತ್ತದೆ. 1935ರಲ್ಲಿ ಶುರುವಾದ ಕ್ಯೂ121 ಎಂಬ ಟನೆಲ್‌ನ ಗಾಳಿಬಾಯಿ 24 ಅಡಿ ಅಗಲ. ಅದರ ಫ್ಯಾನಿನ ಅಗಲ 30 ಅಡಿ, ಆರು ರೆಕ್ಕೆಗಳೂ ಮಹಾಗನಿ ಮರದವು. ಸಣ್ಣ ವಿಮಾನವನ್ನು ಇಡಿಯಾಗಿ ಅದರ ಮುಂದೆ ನಿಲ್ಲಿಸಬಹುದಿತ್ತು.

ಕಾಲ ಬದಲಾಯಿತು. ಸಂಶೋಧನೆ ಬೇರೆ ಆವರಣಕ್ಕೆ ಹೋಯಿತು, ಹಳೆಯ ಜಾಗ ಮಾರಾಟಕ್ಕೆ ಬಂತು. ಹಳೆಯ ಕಟ್ಟಡ ಕೆಡವಿ ಕಚೇರಿಗಳನ್ನು ಕಟ್ಟುವ ಮಾತು ನಡೆಯಿತು. ಆಗ ಎದ್ದು ನಿಂತವರು ಅಲ್ಲಿ ದುಡಿದು ನಿವೃತ್ತರಾದವರು, ಮತ್ತೆ ಆ ಊರಿನ ಜನ. 1993ರಲ್ಲಿ ಟ್ರಸ್ಟ್ ಕಟ್ಟಿಕೊಂಡರು. ಸಭೆ ನಡೆಸಿದರು, ಅರ್ಜಿ ಬರೆದರು, ವಾದಿಸಿದರು. ಆ ಕಟ್ಟಡಗಳ ಪೈಕಿ ಮೂರು ವಿಂಡ್ ಟನೆಲ್ ಕಟ್ಟಡಗಳು ಇವತ್ತು ಕಾನೂನಿನ ರಕ್ಷಣೆಯಲ್ಲಿವೆ. ಕ್ಯೂ121 ಮತ್ತು ಆರ್133 ಎಂಬ ಎರಡಕ್ಕೆ ಅತ್ಯುನ್ನತ ದರ್ಜೆಯೇ ಸಿಕ್ಕಿದೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1910ರ ಸುಮಾರಿನಲ್ಲಿ ವಾಯುನೌಕೆ ನಿಲ್ಲಿಸಲು ಬಿಚ್ಚಿ ಜೋಡಿಸಬಹುದಾದ ದೊಡ್ಡದೊಂದು ಉಕ್ಕಿನ ಶೆಡ್ ಇತ್ತು. ಅದರ ಕಮಾನುಗಳನ್ನು ಮುಂದೆ ಯಾರೋ ಬೇರೆ ಕಟ್ಟಡಗಳ ಚೌಕಟ್ಟಿಗೆ ಬಳಸಿಬಿಟ್ಟಿದ್ದರು. ಗೋಡೆ ಚಾವಣಿಗಳ ಒಳಗೆ ಹುದುಗಿದ್ದ ಆ ಕಮಾನುಗಳನ್ನು ಗುರುತಿಸಿ, ಹೊರತೆಗೆದು, ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಬಿಸಿನೆಸ್ ಪಾರ್ಕಿನ ಗಾಜಿನ ಕಟ್ಟಡಗಳ ನಡುವೆ ಆ ಬರಿಯ ಅಸ್ಥಿಪಂಜರ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಗುರುತಿಸುವ ಕಣ್ಣು ಇರದಿದ್ದರೆ ಅದು ಗುಜರಿಗೆ ಹೋಗುತ್ತಿತ್ತು.

ಇಲ್ಲಿ ನಿಮಗೊಂದು ವ್ಯತ್ಯಾಸ ತಿಳಿದಿರಬೇಕು. ವಿಮಾನಗಳ ಮ್ಯೂಸಿಯಂ ಬೇರೆ, ವಿಮಾನ ಸಂಶೋಧನೆಯ ಮ್ಯೂಸಿಯಂ ಬೇರೆ. ಹೊಳೆಯುವ ವಿಮಾನವನ್ನು ಯಾರು ಬೇಕಾದರೂ ಪ್ರೀತಿಸುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಾರೆ. ಸಂಶೋಧನೆ ಉಳಿಸಿಹೋಗುವುದು ಅಂಥದ್ದನ್ನಲ್ಲ. ಬಿರುಕು ಬಿಟ್ಟ ತಗಡು, ಮರದ ಮಾದರಿ, ಗ್ರಾಫ್ ಕಾಗದದ ಸುರುಳಿ, ಅಂಕಿ ತುಂಬಿದ ನೋಟ್ ಪುಸ್ತಕ, ಎಂಥದಕ್ಕೆ ಬಳಸಿದ್ದೋ ಗೊತ್ತಾಗದ ಒಂದು ಹಿತ್ತಾಳೆಯ ತುಂಡು. ಇವಕ್ಕೆ ಪ್ರೀತಿಸುವವರು ಸುಲಭವಾಗಿ ಸಿಗುವುದಿಲ್ಲ. ಆದರೆ ಜ್ಞಾನ ಇರುವುದು ಇವುಗಳಲ್ಲೇ.

ಕಾಮೆಟ್ ವಿಮಾನದ ವಿಷಯ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ. ಪ್ರಯಾಣಿಕರನ್ನು ಹೊತ್ತು ಹಾರಿದ ಜಗತ್ತಿನ ಮೊದಲ ಜೆಟ್ ವಿಮಾನ ಅದು. 1952ರ ಮೇ 2ರಂದು ಸೇವೆ ಶುರುವಾಯಿತು. ಸರಿಯಾಗಿ ಒಂದು ವರ್ಷ ತುಂಬಿದ ದಿನ, ಕಲ್ಕತ್ತೆಯಿಂದ ದೆಹಲಿಗೆ ಹೊರಟ ಕಾಮೆಟ್ ಹಾರಿದ ಕೆಲವೇ ನಿಮಿಷಗಳಲ್ಲಿ ಬಿರುಗಾಳಿಯ ನಡುವೆ ಒಡೆದು ಬಿತ್ತು. ಅದರಲ್ಲಿದ್ದ 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಿರುಗಾಳಿಯ ಹೊಡೆತವೇ ಕಾರಣ ಎಂದಾಯಿತು. ಎಂಟು ತಿಂಗಳ ನಂತರ, 1954ರ ಜನವರಿಯಲ್ಲಿ, ಇಟಲಿಯ ಎಲ್ಬಾ ದ್ವೀಪದ ಬಳಿ ಮತ್ತೊಂದು ಕಾಮೆಟ್ ನೆಟ್ಟಗಿನ ಹವೆಯಲ್ಲೇ ಒಡೆದು ಸಮುದ್ರಕ್ಕೆ ಬಿತ್ತು; 35 ಜನ ಸತ್ತರು. ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಇನ್ನೊಂದು; 21 ಜನ. ಎಲ್ಲ ಕಾಮೆಟ್‌ಗಳನ್ನೂ ನೆಲಕ್ಕಿಳಿಸಿದರು. ಕಾರಣ ಹುಡುಕುವ ಹೊಣೆ ಫಾರ್ನ್‌ಬರೋಗೆ ಬಿತ್ತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಆರ್ನಲ್ಡ್ ಹಾಲ್.

ನೌಕಾಪಡೆ ಎಲ್ಬಾ ಬಳಿ ಸಮುದ್ರದ ತಳದಿಂದ ಚೂರುಗಳನ್ನು ಎತ್ತಿ ಎತ್ತಿ ಕಳಿಸಿತು. ಫಾರ್ನ್‌ಬರೋದಲ್ಲಿ ಅವನ್ನು ವಿಮಾನದ ಆಕಾರದ ಚೌಕಟ್ಟಿಗೆ ಒಂದೊಂದಾಗಿ ಕಟ್ಟುತ್ತ ಹೋದರು. ಇತ್ತ ಇನ್ನೊಂದು ಕಾಮೆಟ್ಟಿನ ಇಡೀ ಒಡಲನ್ನು, ರೆಕ್ಕೆಗಳು ಹೊರಗೆ ಚಾಚಿಕೊಂಡಿರುವಂತೆ, ದೊಡ್ಡದೊಂದು ತೊಟ್ಟಿಯಲ್ಲಿಟ್ಟು ಒಳಗೂ ಹೊರಗೂ ನೀರು ತುಂಬಿದರು. ನೀರೇ ಯಾಕೆ? ಒಳಗೆ ಗಾಳಿ ತುಂಬಿ ಒತ್ತಡ ಏರಿಸಿದರೆ, ಬಿರುಕು ಬಿಟ್ಟ ಕ್ಷಣ ಅದು ಬಾಂಬಿನ ಹಾಗೆ ಸಿಡಿಯುತ್ತದೆ. ಮೊದಲ ಬಿರುಕು ಎಲ್ಲಿತ್ತು ಎಂಬುದೇ ಚೂರಾಗಿ ಹೋಗುತ್ತದೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಸಿಡಿಯುವುದೂ ಇಲ್ಲ. ಲೋಹ ಸೀಳಿದಲ್ಲೇ ನಿಲ್ಲುತ್ತದೆ, ಸಾಕ್ಷ್ಯ ಉಳಿಯುತ್ತದೆ. ಒತ್ತಡ ಏರಿಸುವುದು, ಇಳಿಸುವುದು. ಜ್ಯಾಕುಗಳಿಂದ ರೆಕ್ಕೆ ಬಗ್ಗಿಸುವುದು, ಬಿಡುವುದು. ಒಂದು ಸಲ ಏರಿಸಿ ಇಳಿಸಿದರೆ ಒಂದು ಹಾರಾಟದ ಲೆಕ್ಕ. ಹಗಲೂ ರಾತ್ರಿ ಇದೇ ಕೆಲಸ. ಆ ವಿಮಾನ ನಿಜವಾಗಿ ಹಾರಿದ್ದು 1,221 ಸಲ. ತೊಟ್ಟಿಯಲ್ಲಿ ಇನ್ನೂ 1,836 ಸಲ 'ಹಾರಿಸಿದ' ಮೇಲೆ ಜೂನ್ ತಿಂಗಳಲ್ಲಿ ಒಡಲು ಸೀಳಿತು. ಬಿರುಕು ಕಿಟಕಿಯಂಥ ಒಂದು ಕಂಡಿಯ ಮೂಲೆಯಿಂದ ಹೊರಟಿತ್ತು. ಲೋಹ ದಣಿದಿತ್ತು. ಸಮುದ್ರದಿಂದ ಸಿಕ್ಕ ಚಾವಣಿಯ ಒಂದು ತುಂಡೂ ಅದೇ ಕಥೆ ಹೇಳಿತು. ಆ ತುಂಡು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ.

ನೀವು ಬೆಂಗಳೂರಿಂದ ಹೀಥ್ರೋಗೆ ಬರುವಾಗ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತೀರಲ್ಲ, ಆ ನಿದ್ದೆಯ ಹಿಂದೆ ಈ ತೊಟ್ಟಿ ಇದೆ. ಇವತ್ತು ಯಾವುದೇ ಹೊಸ ಪ್ರಯಾಣಿಕ ವಿಮಾನ ಬರಲಿ, ಅದರ ಒಡಲನ್ನು ಹೀಗೆಯೇ ಸಾವಿರಾರು ಸಲ ಉಬ್ಬಿಸಿ ಇಳಿಸಿ ದಣಿಸಿ ನೋಡುತ್ತಾರೆ. ಈಗ ಹೇಳಿ, ಒಂದು ಒಡೆದ ತಗಡು ಬೆಲೆಬಾಳುವ ವಸ್ತು ಹೌದೋ ಅಲ್ಲವೋ? ಅದರ ಪಕ್ಕ ಒಂದು ಚೀಟಿ ಇಲ್ಲದೆ ಹೋಗಿದ್ದರೆ, ಯಾವ ವಿಮಾನದ್ದು, ಎಲ್ಲಿ ಸಿಕ್ಕಿದ್ದು, ಯಾವ ಮೂಲೆಯದು ಎಂದು ಯಾರೂ ಬರೆದಿಡದೆ ಹೋಗಿದ್ದರೆ, ಅದು ಹೆಸರು ಅಳಿಸಿದ ಔಷಧಿ ಬಾಟಲಿಯಂತೆ. ಯಾರ ಉಪಯೋಗಕ್ಕೂ ಬಾರದು.

ಅದೇ ಊರಿನ ಇನ್ನೊಂದು ತುಂಡು ಇದಕ್ಕಿಂತ ಚಿಕ್ಕದು. ಎರಡನೇ ಮಹಾಯುದ್ಧದ ಶುರುವಿನಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ಶತ್ರುವಿನ ಹಿಂದೆ ಮೂಗು ತಗ್ಗಿಸಿ ಧುಮುಕಿದರೆ ಎಂಜಿನ್ ತಡವರಿಸುತ್ತಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಡ್ಡಾದಿಡ್ಡಿಯಾಗಿ ನುಗ್ಗಿ ಉಸಿರು ಕಟ್ಟುತ್ತಿತ್ತು. 1941ರಲ್ಲಿ ಫಾರ್ನ್‌ಬರೋದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇದಕ್ಕೆ ಕಂಡುಕೊಂಡ ಉಪಾಯ ನಾಣ್ಯದಷ್ಟು ಸಣ್ಣದು: ನಡುವೆ ತೂತಿರುವ ಒಂದು ಲೋಹದ ಬಿಲ್ಲೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಆ ತೂತು ಬಿಡುತ್ತದೆ, ಹೆಚ್ಚಿಗೆ ಬಿಡುವುದಿಲ್ಲ. ವಿಮಾನವನ್ನು ಕೆಲಸದಿಂದ ಬಿಡಿಸದೆಯೇ ಕೂರಿಸಬಹುದಿತ್ತು. ಆಕೆ ಮತ್ತು ಜೊತೆಗಾರರು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಅದನ್ನು ಹಾಕಿಸಿದರು. ಆಕೆ ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯಲ್ಲಿ ಗಂಟೆಗೆ ನೂರು ಮೈಲಿ ಮೀರಿ ಮೋಟಾರ್ ಸೈಕಲ್ ಓಡಿಸಿ ಚಿನ್ನದ ನಕ್ಷತ್ರ ಗೆದ್ದಾಕೆ. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಬೇಕು. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಬಂದು ಇಲ್ಲಿಯೇ ನೆಲೆಸಿದ ಯೊಹಾನಾ ವೇಬರ್ ಅವರ ಹೆಸರನ್ನೂ. ಡೀಟ್ರಿಶ್ ಕುಶೆಮಾನ್ ಜೊತೆ ಅವರು ಹಾಕಿದ ಗಣಿತದಿಂದಲೇ ಕಾಂಕಾರ್ಡ್‌ನ ಆ ನೀಳ ತ್ರಿಕೋನ ರೆಕ್ಕೆ ಹುಟ್ಟಿದ್ದು. ಇಂಗಾಲದ ನಾರಿನ ಬಲವನ್ನು 1960ರ ದಶಕದಲ್ಲಿ ಕಂಡುಕೊಂಡವರಲ್ಲಿ ಕೂಡ ಫಾರ್ನ್‌ಬರೋದವರು ಮುಂದಿನ ಸಾಲಿನವರು. ನಮ್ಮ ತೇಜಸ್ ವಿಮಾನದ ಮೈ ಬಹುಪಾಲು ಇಂಥ ನಾರಿನದೇ.

ಈಗ ಕೆಲಸದ ಮಾತು. ಇಂಥ ಮ್ಯೂಸಿಯಂನಲ್ಲಿ ಕೈಹಚ್ಚುವವರಿಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಪರೀಕ್ಷಾ ವಿಭಾಗದಲ್ಲಿ ದುಡಿದು, ಆಮೇಲೆ ಈ ದೇಶಕ್ಕೆ ಬಂದು ಅದೇ ಬಗೆಯ ಕೆಲಸ ಮಾಡಿ ನಿವೃತ್ತನಾದವನು ನಾನು.

ಮೊದಲ ದಿನವೇ ಒರೆಸಲು, ಉಜ್ಜಲು ಹೋಗಬೇಡಿ. ನಮ್ಮವರಿಗೆ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಆಸೆ. ಪರೀಕ್ಷೆಯಲ್ಲಿ ಮುರಿದ ತುಂಡಿನ ಮುರಿದ ಮುಖದ ಮೇಲೆ ಸಣ್ಣ ಸಣ್ಣ ಗೆರೆಗಳಿರುತ್ತವೆ, ದಡದ ಮರಳಿನಲ್ಲಿ ಅಲೆ ಬಿಟ್ಟುಹೋಗುವಂಥವು. ಬಿರುಕು ಎಲ್ಲಿ ಹುಟ್ಟಿತು, ಎಷ್ಟು ನಿಧಾನವಾಗಿ ನಡೆಯಿತು, ಎಲ್ಲಿ ತಟ್ಟನೆ ಕಡಿಯಿತು ಎಂಬುದನ್ನೆಲ್ಲ ಆ ಗೆರೆಗಳು ಹೇಳುತ್ತವೆ. ಒಂದು ಸಲ ಉಜ್ಜಿದರೆ ಮುಗಿಯಿತು. ಎರಡು ಮುರಿದ ಮುಖಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ಚಪಲವೂ ಬೇಡ; ಅದರಿಂದಲೂ ಗುರುತು ಅಳಿಸುತ್ತದೆ.

ಹಳೆಯ ಗಡಿಯಾರದಂಥ ಮೀಟರುಗಳನ್ನು ಕಂಡರೆ ಎಚ್ಚರವಿರಲಿ. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದಲ್ಲಿ ಮುಳ್ಳಿಗೂ ಅಂಕಿಗೂ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗಿರಬಹುದು, ವಿಕಿರಣ ಹೋಗಿರುವುದಿಲ್ಲ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಗಾಜು ಒಡೆದಿದ್ದರೆ ಮುಟ್ಟದೆ ಹಿರಿಯರಿಗೆ ಹೇಳಿ. ಹಳೆಯ ಹೀಟರ್ ಸುತ್ತಿದ ಬಿಳಿ ಬಟ್ಟೆಯಂಥದ್ದು ಕಲ್ನಾರು ಆಗಿರಬಹುದು. ಅದನ್ನೂ ಕೆದಕಬೇಡಿ.

ಫಿಲ್ಮ್ ಡಬ್ಬಿ ತೆರೆದಾಗ ಉಪ್ಪಿನಕಾಯಿ ಭರಣಿಯ ಹುಳಿ ವಾಸನೆ ಹೊಡೆದರೆ ಆ ಫಿಲ್ಮ್ ಸಾಯುತ್ತಿದೆ ಎಂದು ತಿಳಿಯಿರಿ. ಅಸಿಟೇಟ್ ಫಿಲ್ಮ್ ಹಳತಾದಂತೆ ಆಮ್ಲ ಬಿಡುತ್ತದೆ, ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಪಕ್ಕದ ಡಬ್ಬಿಗೂ ಹಬ್ಬಿಸುತ್ತದೆ. ಬೇರೆ ಇಡಿ, ತಣ್ಣಗಿಡಿ, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ. ವಿಂಡ್ ಟನೆಲ್ಲಿನಲ್ಲಿ ಹೊಗೆಯ ಎಳೆಗಳು ರೆಕ್ಕೆಯ ಮೇಲೆ ಹರಿದದ್ದು, ವಿಮಾನದ ಬಾಲ ನಡುಗಿದ್ದು, ಇಂಥವೆಲ್ಲ ಇರುವುದು ಆ ಡಬ್ಬಿಗಳಲ್ಲಿ. ಬೇರೆ ಪ್ರತಿ ಇರುವುದು ಅಪರೂಪ.

ಕಾಗದದ ಕಟ್ಟು ಸಿಕ್ಕರೆ ನಿಮ್ಮ ಬುದ್ಧಿಗೆ ತೋಚಿದ ಕ್ರಮದಲ್ಲಿ ಜೋಡಿಸಬೇಡಿ. ಅದನ್ನು ಇಟ್ಟವನು ಯಾವ ಕ್ರಮದಲ್ಲಿ ಇಟ್ಟಿದ್ದನೋ ಅದೂ ಒಂದು ಸಾಕ್ಷ್ಯ. ಮೇಲಿಂದ ಕೆಳಕ್ಕೆ ಅದೇ ಸಾಲಿನಲ್ಲಿ ಸಂಖ್ಯೆ ಹಾಕಿ, ಪೆನ್ಸಿಲಿನಲ್ಲಿ. ಜೆಲ್ ಪೆನ್ನು, ಸೆಲೊಟೇಪು, ಸ್ಟೇಪ್ಲರ್ ಹತ್ತಿರವೂ ತರಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಒಂದು ವಸ್ತುವಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿದರೆ ಅದನ್ನು ಬಡ್ತಿ ಎಂದು ತಿಳಿಯಿರಿ. 'ಪ್ರಾಚೀನ ಉಪಕರಣ' ಎಂದು ಬರೆದರೆ ಏನೂ ಬರೆದಂತಲ್ಲ. ಯಾರು ಬಳಸಿದರು, ಯಾವ ಪ್ರಶ್ನೆಗೆ ಉತ್ತರ ಹುಡುಕಲು, ಉತ್ತರ ಸಿಕ್ಕಿತೋ ಇಲ್ಲವೋ, ಅಷ್ಟು ಸಾಕು. ಹತ್ತು ವರ್ಷದ ಹುಡುಗಿ ಓದಿ "ಹೌದಾ!" ಅನ್ನಬೇಕು, ಅಲ್ಲೇ ದುಡಿದ ಎಂಬತ್ತರ ಮುದುಕ ಓದಿ "ಸರಿಯಾಗಿದೆ" ಅನ್ನಬೇಕು. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿಸಿ ನೋಡಿ. ಉತ್ತರ ಸಿಗದ ಪರೀಕ್ಷೆಗಳಿಗೂ, ವಿಫಲವಾದ ಮಾದರಿಗಳಿಗೂ ಚೀಟಿ ಬರೆಯಿರಿ. ಗೆದ್ದದ್ದನ್ನು ಇತಿಹಾಸದ ಪುಸ್ತಕ ಹೇಗೂ ಹೇಳುತ್ತದೆ. ಸೋತದ್ದನ್ನು ಇಟ್ಟುಕೊಂಡು ಕೂರುವವರು ಇಂಥ ಸಣ್ಣ ಮ್ಯೂಸಿಯಂನವರೇ.

ಮತ್ತೆ ಆ ಎಂಬತ್ತರ ಮುದುಕ. ಅವರನ್ನು ಮಾತಾಡಿಸಿ. ಅಲ್ಲಿ ವಸ್ತುಗಳ ಬಗ್ಗೆ ವಿವರಿಸುವವರಲ್ಲಿ ಎಷ್ಟೋ ಜನ ಅದೇ ಸಂಸ್ಥೆಯಲ್ಲಿ ದುಡಿದವರು. ನೀವು ಒಂದು ವಾಲ್ವಿನ ಬಗ್ಗೆ ಕೇಳಿದರೆ ಅವರು ಅದನ್ನು ಕೈಗೆತ್ತಿಕೊಳ್ಳುತ್ತಾರೆ. ನೋಡದೆಯೇ ಹೆಬ್ಬೆರಳು ತಿರುಗಿಸುವ ಜಾಗಕ್ಕೆ ಹೋಗಿ ಕೂರುತ್ತದೆ. "ಇದನ್ನು ಕೈಪಿಡಿಯಲ್ಲಿ ಹೇಳಿದಷ್ಟು ತೆರೆದರೆ ಗಾಳಿ ಕೊಸರಾಡುತ್ತಿತ್ತು, ನಾವು ಕಾಲು ತಿರುವು ಕಡಿಮೆ ತೆರೆಯುತ್ತಿದ್ದೆವು" ಎನ್ನುತ್ತಾರೆ. ಆ ಕಾಲು ತಿರುವು ಯಾವ ವರದಿಯಲ್ಲೂ ಇರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. "ನಿಮ್ಮ ಅನುಭವ ಹೇಳಿ" ಎಂದು ಕೇಳಬೇಡಿ. ಏನು ಹೇಳಬೇಕೆಂದು ತೋಚದೆ ಸುಮ್ಮನಾಗುತ್ತಾರೆ. ಕೈಗೊಂದು ವಸ್ತು ಕೊಟ್ಟು "ಇದನ್ನು ಬೆಳಿಗ್ಗೆ ಬಂದ ಮೇಲೆ ಮೊದಲು ಏನು ಮಾಡುತ್ತಿದ್ದಿರಿ?" ಎಂದು ಕೇಳಿ. ಮಾತು ತಾನಾಗಿ ಬರುತ್ತದೆ. ಮನೆಗೆ ಬಂದ ದಿನವೇ ಕೇಳಿ ಬರೆದಿಡಿ. ಮುಂದಿನ ವಾರಕ್ಕೆ ಎಂದು ಇಟ್ಟದ್ದು ಮುಂದಿನ ವರ್ಷಕ್ಕೂ ಆಗುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಕಟ್ಟಡ ಬದಲಿಸುವಾಗ ಹಳೆಯ ಪರೀಕ್ಷೆಗಳ ಸುರುಳಿಗಳನ್ನು ರದ್ದಿಗೆ ಹಾಕಿದರು. ಜಾಗ ಇಲ್ಲ ಎಂದರು. ರದ್ದಿಯವರು ತಕ್ಕಡಿಯಲ್ಲಿಟ್ಟು ತೂಗಿ ಕಿಲೋ ಲೆಕ್ಕದಲ್ಲಿ ಹಣ ಕೊಟ್ಟು ಟೆಂಪೊಗೆ ತುಂಬಿಕೊಂಡು ಹೋದರು. ಆ ಸುರುಳಿಗಳಲ್ಲಿ ನನಗಿಂತ ಹಿರಿಯರು ರಾತ್ರಿ ಪಾಳಿಯಲ್ಲಿ ಕೂತು ಗುರುತು ಹಾಕಿದ ಅಂಕಿಗಳಿದ್ದವು. ಅಂಚಿನಲ್ಲಿ ಕನ್ನಡದಲ್ಲಿ ಸಣ್ಣಕ್ಷರದ ಟಿಪ್ಪಣಿಗಳೂ ಇದ್ದವು. ಆ ದುಃಖ ಇನ್ನೂ ಹೋಗಿಲ್ಲ. ಅದಕ್ಕೇ ಬೆಂಗಳೂರಿನವರಿಗೆ ಈ ಮಾತು ಹೆಚ್ಚು ಸಲ್ಲುತ್ತದೆ ಎಂದದ್ದು.

ಬೆಂಗಳೂರಿನಲ್ಲಿ ಮುರುಗೇಶಪಾಳ್ಯದ ಹತ್ತಿರ ವಿಂಡ್ ಟನೆಲ್ ರೋಡ್ ಇದೆ. ಅಲ್ಲಿಂದ ಊಟ ತರಿಸಿಕೊಳ್ಳುತ್ತೀರಿ, ಅಲ್ಲಿ ಪಿಜಿ ಹುಡುಕುತ್ತೀರಿ. ಆ ಹೆಸರು ಬಂದದ್ದು ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನ ಟನೆಲ್‌ನಿಂದ. ಶಬ್ದಕ್ಕಿಂತ ಕಡಿಮೆ ವೇಗ, ಶಬ್ದದ ಆಸುಪಾಸಿನ ವೇಗ, ಶಬ್ದವನ್ನು ಮೀರಿದ ವೇಗ, ಮೂರರಲ್ಲೂ ಪರೀಕ್ಷೆ ಮಾಡಬಲ್ಲ ಆ ಟನೆಲ್ 1960ರ ದಶಕದಲ್ಲಿ ಕೆಲಸ ಶುರುಮಾಡಿತು. ನಮ್ಮ ವಿಮಾನಗಳ, ರಾಕೆಟ್‌ಗಳ ಮಾದರಿಗಳು ಅದರೊಳಗೆ ಗಾಳಿ ಕುಡಿದೇ ಹೊರಬಂದಿವೆ. ಅದೇ ಎನ್‌ಎಎಲ್ 1959ರಲ್ಲಿ ದೆಹಲಿಯಲ್ಲಿ ಹುಟ್ಟಿ, ಮರುವರ್ಷ ಬೆಂಗಳೂರಿಗೆ ಬಂದಾಗ ಮೊದಲ ಕಚೇರಿ ತೆರೆದದ್ದು ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ. ವಿಂಡ್ ಟನೆಲ್ ರೋಡಿನಿಂದ ಸ್ವಲ್ಪ ದೂರಕ್ಕೆ ಸುರಂಜನ್ ದಾಸ್ ರಸ್ತೆ. 1961ರ ಜೂನ್ 17ರಂದು ಮರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಮರುತ್ ವಿಮಾನದ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಆ ಮರುತ್ ಹಾರುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಇನ್ನೊಂದು ವಿಮಾನದ ಹಿಂದೆ ಎಳೆಸಿಕೊಂಡು ಹೋಗಿ, ಆಕಾಶದಲ್ಲಿ ಬಿಟ್ಟು ಪರೀಕ್ಷಿಸಿದ್ದರು, 1959ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲೇ ವಿಮಾನ ವಿಜ್ಞಾನದ ವಿಭಾಗ ತೆರೆದಿತ್ತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಸತೀಶ್ ಧವನ್ ಅದೇ ಸಂಸ್ಥೆಯಲ್ಲಿ ಅಂಗೈ ಅಗಲದ, ಶಬ್ದಾತೀತ ವೇಗದ ಟನೆಲ್ ಕಟ್ಟಿ ಹುಡುಗರಿಗೆ ಕಲಿಸಿದರು.

ಫಾರ್ನ್‌ಬರೋಗೂ ಬೆಂಗಳೂರಿಗೂ ನಂಟು ಬೇಕೆಂದರೆ, ಟ್ರೆಂಚರ್ಡ್ ಹೌಸ್ ಅಂಗಳದಲ್ಲೇ ನ್ಯಾಟ್ ವಿಮಾನ ಇದೆ. ಫಾಲೆಂಡ್ ಕಂಪನಿ ಇದೇ ಹ್ಯಾಂಪ್‌ಷೈರ್‌ನ ಹ್ಯಾಂಬಲ್‌ನಲ್ಲಿ ಅದನ್ನು ರೂಪಿಸಿತು. ಅದರ ಒಂಟಿ ಆಸನದ ಯುದ್ಧವಿಮಾನವನ್ನು ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿತು, 1965ರ ಯುದ್ಧದಲ್ಲಿ ಅದು ಹೆಸರು ಮಾಡಿತು. ನ್ಯಾಟ್‌ಗೂ ಮರುತ್‌ಗೂ ಇದ್ದ ಆರ್ಫಿಯಸ್ ಎಂಜಿನ್ ಕೂಡ ಬ್ರಿಟನ್ನಿನದೇ, ಅದನ್ನೂ ಬೆಂಗಳೂರಿನಲ್ಲಿ ತಯಾರಿಸಿದರು. ಆ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳು ವಿಮಾನಪುರ, ಜೀವನ್ ಬಿಮಾ ನಗರ, ಮಾರತಹಳ್ಳಿಯ ಮನೆಗಳಲ್ಲಿ ಇವೆ. ನಿಮ್ಮದೇ ಬೀದಿಯ ಕೊನೆಯ ಮನೆಯ ತಾತ ಇರಬಹುದು.

ಎಚ್‌ಎಎಲ್ 2001ರಲ್ಲಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮ್ಯೂಸಿಯಂ ತೆರೆದಿದೆ, ಒಳ್ಳೆಯ ಕೆಲಸ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಒಂದು ಮರುತ್ ಇದೆ. ಆದರೆ ಸಂಸ್ಥೆ ಕಟ್ಟಿದ ಮ್ಯೂಸಿಯಂ ವಿಮಾನವನ್ನು ಉಳಿಸೀತು. ಕಾಲು ತಿರುವನ್ನು ಉಳಿಸಲು ಊರಿನ ಜನವೇ ಬೇಕು. ನಾಲ್ಕು ಜನ ಗೆಳೆಯರು ಸೇರಿ ಶುರುಮಾಡಿ. ದೊಡ್ಡ ಟ್ರಸ್ಟು, ಕಟ್ಟಡ, ಉದ್ಘಾಟನೆ ಏನೂ ಬೇಡ. ನಿವೃತ್ತರ ಸಂಘಕ್ಕೆ ಹೋಗಿ ಪರಿಚಯ ಹೇಳಿಕೊಳ್ಳಿ. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಯಿರಿ. ಶಾಪ್‌ಫ್ಲೋರಿನಲ್ಲಿ ಆಡುತ್ತಿದ್ದ ಮಾತು ಇಂಗ್ಲಿಷ್ ವರದಿಯಲ್ಲಿ ಸಿಗುವುದಿಲ್ಲ. ಒಂದು ಎಚ್ಚರಿಕೆ: ಅವರಲ್ಲಿ ಕೆಲವರು ರಕ್ಷಣಾ ಕೆಲಸ ಮಾಡಿದವರು. ಹೇಳಬಾರದ್ದನ್ನು ಹೇಳಿಸಲು ಹೋಗಬೇಡಿ. ಮನೆಯಲ್ಲಿ ಮುದ್ರೆ ಹಾಕಿದ ಹಳೆಯ ಕಾಗದ ಸಿಕ್ಕರೆ ಫೋಟೊ ತೆಗೆದು ಎಲ್ಲರಿಗೂ ಕಳಿಸಬೇಡಿ. ಆ ಸಂಸ್ಥೆಗೇ ಒಪ್ಪಿಸಿ, ಏನು ಬಹಿರಂಗವಾಗಿ ಇಡಬಹುದು ಎಂದು ಕೇಳಿ ತಿಳಿಯಿರಿ. ಅಷ್ಟು ಶಿಸ್ತು ಇದ್ದರೆ ಮನೆಯ ಬಾಗಿಲುಗಳೂ ಸಂಸ್ಥೆಯ ಬಾಗಿಲುಗಳೂ ತೆರೆಯುತ್ತವೆ.

"ಅಂಕಲ್, ನಮಗೆ ವಿಮಾನದ ಗಂಧ ಗೊತ್ತಿಲ್ಲ, ನಾವು ಬ್ಯಾಂಕ್ ಸಾಫ್ಟ್‌ವೇರ್ ಬರೆಯೋರು" ಎನ್ನುತ್ತೀರಿ. ಮ್ಯೂಸಿಯಂ ನಡೆಸುವವರನ್ನು ಕೇಳಿ ನೋಡಿ, ಏನು ಬೇಕು ಎಂದು. ಲೆಕ್ಕಪತ್ರ ನೋಡುವವರು ಬೇಕು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು, ಸಾವಿರಾರು ಫೋಟೊ ಸ್ಕ್ಯಾನ್ ಮಾಡಿ ಸರಿಯಾದ ಹೆಸರಿನಲ್ಲಿ ಉಳಿಸುವವರು ಬೇಕು. ಚಾವಣಿ ಸೋರಿದರೆ ಏಣಿ ಹತ್ತುವವರು, ಅನುದಾನದ ಅರ್ಜಿ ಬರೆಯುವವರು, ಶಾಲಾ ಮಕ್ಕಳು ಬಂದಾಗ ಸಾಲು ನಿಲ್ಲಿಸುವವರು ಬೇಕು. ಫಾರ್ನ್‌ಬರೋದ ಹಳಬರಿಗೆ ವಯಸ್ಸಾಗುತ್ತಿದೆ. ವಿಮಾನ ಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ಮುಂದೆ ಇಪ್ಪತ್ತು ವರ್ಷ ಬರಬಲ್ಲವರು ಬೇಕಾಗಿದ್ದಾರೆ. ಇನ್ನು "ರಿಟೈರ್ ಆದ ಮೇಲೆ ಮಾಡ್ತೀವಿ" ಎನ್ನುವವರಿಗೆ: ನಿಮಗೆ ಹೇಳಿಕೊಡಬೇಕಾದವರು ಅಷ್ಟು ದಿನ ಕಾಯುವ ಸ್ಥಿತಿಯಲ್ಲಿಲ್ಲ.

ಶನಿವಾರ, ಭಾನುವಾರ ಅವರ ಬಾಗಿಲು ತೆರೆದಿರುತ್ತದೆ. ಮೊದಲ ಸಲ ಹೋದಾಗ ನೇರವಾಗಿ "ಕೆಲಸ ಕೊಡಿ" ಎನ್ನದೆ ಒಂದು ಸುತ್ತು ನೋಡಿ. ಯಾವ ವಸ್ತುವಿನ ಮುಂದೆ ನಿಮ್ಮ ಕಾಲು ತಾನಾಗಿ ನಿಂತಿತು ಎಂಬುದನ್ನು ಗಮನಿಸಿ, ಅದರ ಬಗ್ಗೆ ಅಲ್ಲಿರುವ ಹಿರಿಯರನ್ನು ಮೂರು ಪ್ರಶ್ನೆ ಕೇಳಿ. ಆಮೇಲೆ, ನಾನು ಸಹಾಯಕ್ಕೆ ಬರಬಹುದೇ ಎಂದು ಕೇಳಿ. ಮೊದಲ ಕೆಲವು ತಿಂಗಳು ಧೂಳು ಹೊಡೆಯುವ ಕೆಲಸ, ಪೆಟ್ಟಿಗೆ ಹೊರುವ ಕೆಲಸವೇ ಸಿಗಬಹುದು. ಮಾಡಿ. ನಿಮ್ಮ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಚಳಿ ಇರುತ್ತದೆ, ಸ್ವೆಟರ್ ಹಾಕಿಸಿ. ಪೆನ್ಸಿಲ್ ಮರೆಯಬೇಡಿ.